ಪಿತ್ತದ ಮೇಲೆ ಬೆಳೆದದ್ದು

ಆ ದಿನವೂ ಬೆಳಗಿನ ಮೊದಲ ಕೆಲಸ ನೀರು ಸೋಸುವುದೇ ಆಗಿತ್ತು. ಹಿತ್ತಲ ಬಾವಿಯಿಂದ ಸೇದಿದ ನೀರನ್ನು, ಬಾಯಿಗೆ ಎರಡು ಪದರು ದಪ್ಪ ಬಟ್ಟೆ ಕಟ್ಟಿದ ತಾಮ್ರದ ಕೊಡಕ್ಕೆ ನಿಧಾನವಾಗಿ ಬಗ್ಗಿಸಬೇಕು. ಕೊಡ ತುಂಬಿದ ಮೇಲೆ ಬಟ್ಟೆ ಬಿಚ್ಚಿ, ಒಳಮೈ ಹೊರಗೆ ಮಾಡಿ, ಅದರಲ್ಲಿ ಉಳಿದದ್ದನ್ನು ಸೋಸಿದ ನೀರಿನಿಂದಲೇ ಒಂದು ತಂಬಿಗೆಗೆ ಇಳಿಸಿ, ಆ ತಂಬಿಗೆಯನ್ನು ಹಗ್ಗ ಕಟ್ಟಿ ಬಾವಿಗೆ ಬಿಡಬೇಕು. ಮೇಲಿನಿಂದ ಸುರಿಯುವಂತಿಲ್ಲ. ತಂಬಿಗೆ ನೀರಿನ ಮೈ ಮುಟ್ಟಿದ ಮೇಲೆ ಹಗ್ಗ ಜಗ್ಗಿ ಅಲ್ಲಿಯೇ ವಾಲಿಸಬೇಕು.

ಮದುವೆಯಾಗಿ ಗಡಹಿಂಗ್ಲಜದ ಈ ಮನೆಗೆ ಬಂದ ಹೊಸದರಲ್ಲಿ ಅತ್ತೆ ನನಗೆ ಕಲಿಸಿದ ಮೊದಲ ಕೆಲಸ ಇದು. "ಅದರಾಗ ಜೀವಾ ಇರ್ತಾವವಾ. ಅವುಕ್ಕೂ ಒಂದ ಮನಿ ಇರ್ತೈತಿ. ಎಲ್ಲಿಂದ ತಂದೀವೊ ಅಲ್ಲೇ ಬಿಡಬೇಕು," ಎಂದಿದ್ದರು. ಕೊಲ್ಹಾಪುರದ ಕಾನ್ವೆಂಟಿನಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಒಂದು ಹನಿ ಕೆರೆ ನೀರು ನೋಡಿ ಬಂದಿದ್ದ ನನಗೆ ಅದು ವಿಚಿತ್ರ ಅನ್ನಿಸಲಿಲ್ಲ. ನಾನು ಗಾಜಿನ ಕೆಳಗೆ ಕಂಡದ್ದನ್ನು ಅತ್ತೆ ಕಾಣದೆಯೇ ನಂಬಿದ್ದರು, ಅಷ್ಟೇ.

ತಂಬಿಗೆ ಇಳಿಬಿಡುವಾಗ ನನ್ನ ಕಿವಿ ನಡುಮನೆಯ ಕಡೆಗಿತ್ತು. ಅತ್ತೆ ಅಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ಚಳಿ ಬಂದಾಗ ಅವರ ಕೈಬಳೆ ಮಂಚದ ಪಟ್ಟಿಗೆ ಬಡಿಯುತ್ತಿತ್ತು. ಆ ಸದ್ದು ನಿಂತರೆ ಜ್ವರ ಏರಿದೆ ಎಂದೇ ಅರ್ಥ. ಆಗ ಸದ್ದು ನಿಂತಿತ್ತು. ನಾನು ಒಲೆಯ ಮೇಲೆ ಕುಡಿಯುವ ನೀರು ಕಾಯಲಿಟ್ಟೆ, ನಮ್ಮವರಿಗೆ ಚಹಾ ಕೊಟ್ಟೆ, ಜೋಳದ ಭಕ್ಕರಿ ತಟ್ಟಿ ಬುಟ್ಟಿಯಲ್ಲಿ ಮುಚ್ಚಿಟ್ಟೆ, ಹೀರೇಕಾಯಿ ಪಲ್ಯ ಮಾಡಿದೆ. ಎಲ್ಲವನ್ನೂ ದಿನದಂತೆಯೇ ಮಾಡಿದೆ. ಕೈಗಳು ಮಾತ್ರ ದಿನಕ್ಕಿಂತ ಬೇಗ ಓಡುತ್ತಿದ್ದವು.

ಏಕೆಂದರೆ ಆ ಸಂಜೆ ನಮ್ಮ ಭಾವ, ನನ್ನ ಗಂಡನ ಅಣ್ಣ, ಇಚಲಕರಂಜಿಯಿಂದ ಕಾರು ತರುವವರಿದ್ದರು. ಹತ್ತಿರದ ಊರಿನ ಬಸದಿಯಲ್ಲಿ ಚಾತುರ್ಮಾಸಕ್ಕೆ ನಿಂತಿದ್ದ ಮುನಿಗಳ ಬಳಿ ಅತ್ತೆಯನ್ನು ಕರೆದೊಯ್ದು, ಸಲ್ಲೇಖನ ವ್ರತ ಕೊಡಬೇಕೆಂದು ಕೇಳಿಕೊಳ್ಳುವುದು ಅವರ ನಿಶ್ಚಯವಾಗಿತ್ತು.

ಆ ವ್ರತದ ಬಗ್ಗೆ ನನಗೆ ಗೌರವವಿದೆ. ಒಂದೊಂದಾಗಿ ಆಹಾರ ಬಿಡುತ್ತ, ಕೊನೆಗೆ ನೀರನ್ನೂ ಬಿಟ್ಟು, ಯಾರ ಮೇಲೂ ಬೇಸರವಿಲ್ಲದೆ ಹೋಗುವುದು ಎಲ್ಲರಿಗೂ ಸಾಧ್ಯವಾಗುವ ಮಾತಲ್ಲ. ನನ್ನ ಅಜ್ಜಿ ಹಾಗೆಯೇ ಹೋದರು. ಅವರ ಮುಖ ನನಗೆ ಇಂದಿಗೂ ನೆನಪಿದೆ. ಆದರೆ ವ್ರತಕ್ಕೆ ಒಂದು ಕಟ್ಟುಪಾಡಿದೆ. ಕಾಯಿಲೆಗೆ ಮದ್ದು ಇರಬಾರದು. ಅತ್ತೆಯ ಕಾಯಿಲೆಗೆ ಮದ್ದಿಲ್ಲ ಎಂದು ಯಾರೂ ಹೇಳಿರಲಿಲ್ಲ. ಆ ಕಾಯಿಲೆಯ ಹೆಸರೇ ಯಾರಿಗೂ ಗೊತ್ತಿರಲಿಲ್ಲ. ಮುನಿಗಳೇ ಬೇಡವೆಂದು ತಿರುಗಿ ಕಳಿಸುತ್ತಿದ್ದರೋ ಏನೋ. ಆದರೆ ನಮ್ಮ ಅತ್ತೆ ಎಂಥವರೆಂದರೆ, ಗುರುಗಳ ಎದುರಿಗೆ ಒಮ್ಮೆ ಕೈಮುಗಿದು ಬಾಯಿಂದ ಮಾತು ಬಿಟ್ಟರೆ, ಆಮೇಲೆ ಮೈ ಹಗುರಾದರೂ ಆ ಮಾತನ್ನು ಹಿಂದೆ ತೆಗೆದುಕೊಳ್ಳುವವರಲ್ಲ. ಅದಕ್ಕೇ ಅವರು ಆ ಕಾರು ಹತ್ತುವ ಮೊದಲು ನನಗೊಂದು ಉತ್ತರ ಬೇಕಿತ್ತು. ಆ ಉತ್ತರ ಕೊಲ್ಹಾಪುರದ ಒಂದು ಲ್ಯಾಬಿನಲ್ಲಿ ಬೆಳೆಯುತ್ತಿತ್ತು.

ಜ್ವರ ಮಳೆಗಾಲದ ಆರಂಭದಿಂದಲೇ ಬೆನ್ನು ಹತ್ತಿತ್ತು. ಮೂತ್ರದ ಸೋಂಕು ಎಂಬುದಷ್ಟೇ ತಿಳಿದಿತ್ತು, ಅದನ್ನು ತಂದ ಕ್ರಿಮಿ ಯಾವುದೆಂದು ತಿಳಿದಿರಲಿಲ್ಲ. ನಮ್ಮೂರ ಡಾಕ್ಟರು ಇಂಜೆಕ್ಷನ್ ಕೊಡುವರು, ಜ್ವರ ಇಳಿದಂತೆ ಮಾಡಿ ಮತ್ತೆ ಏರುವುದು. ಜ್ವರದ ಭರದಲ್ಲಿ ಅತ್ತೆ ನನ್ನನ್ನು ಎಂದೋ ತೀರಿಹೋದ ತಮ್ಮ ತಂಗಿಯೆಂದು ತಿಳಿದು, ತವರಿನ ಎಮ್ಮೆಯ ಸುದ್ದಿ ಕೇಳುತ್ತಿದ್ದರು. ನಾನು ಎಮ್ಮೆ ಚೆನ್ನಾಗಿದೆ ಎನ್ನುತ್ತಿದ್ದೆ.

ಡಾಕ್ಟರು ಮೊದಲೇ ಹೇಳಿದ್ದರು, "ಕಲ್ಚರ್ ಮಾಡಸೂಣ್ರಿ, ಕ್ರಿಮಿ ಬೆಳಸಿ ನೋಡೂದು. ಯಾವ ಕ್ರಿಮಿ ಅಂತ ತಿಳೀಲಾರ್ದ ನಾನೂ ಕತ್ತಲ್ಯಾಗ ಕಲ್ಲ ಒಗದಾಂಗ ಆಗಾಕತ್ತೈತಿ."

ಹಾಗೆ ಮೊದಲ ಸಲ ಮೂತ್ರದ ಮಾದರಿ ಕಳಿಸಿದಾಗ ಆದದ್ದು ನಮ್ಮಂಥ ಮನೆಯಲ್ಲಿ ಮಾತ್ರ ಆಗಬಹುದಾದ ಎಡವಟ್ಟು. ಹೊರಗಿನಿಂದ ಬಂದ ಯಾವ ಪಾತ್ರೆಯನ್ನೂ ನಮ್ಮಲ್ಲಿ ತೊಳೆಯದೆ ಬಳಸುವುದಿಲ್ಲ. ಅಂಗಡಿಯ ಹಾಲಿನ ಪಾಕೀಟಿಗೂ ಸ್ನಾನವಾಗಬೇಕು. ದವಾಖಾನೆಯವರು ಕೊಟ್ಟ, ಮುಚ್ಚಳಕ್ಕೆ ಪಟ್ಟಿ ಅಂಟಿಸಿ ಬಿಗಿದಿದ್ದ ಬಾಟಲಿಯನ್ನು ಅತ್ತೆಯ ಕೈಗೆ ಕೊಟ್ಟು, ಹೇಗೆ ಹಿಡಿಯಬೇಕೆಂದು ಹೇಳಿ, ನಾನು ಬಚ್ಚಲ ಹೊರಗೆ ನಿಂತಿದ್ದೆ. ಆಗ ಅವರು ಇನ್ನೂ ಗೋಡೆ ಹಿಡಿದು ಓಡಾಡುತ್ತಿದ್ದರು. ಒಳಗೆ ನೀರಿನ ಸದ್ದು ಕೇಳಿತು. ಕೈಕಾಲು ತೊಳೆಯುತ್ತಿದ್ದಾರೆ ಎಂದುಕೊಂಡೆ. ಕೆಲವು ದಿನಗಳ ಮೇಲೆ ವರದಿ ಬಂತು: ಹಲವು ಬಗೆಯವು ಕೂಡಿ ಬೆಳೆದಿವೆ, ಮಾದರಿ ಕೆಟ್ಟಿದೆ, ಮತ್ತೆ ಕಳಿಸಿ.

"ಅವ್ವಾ, ಆ ಬಾಟ್ಲಿ ತೊಳದಿದ್ರೇನ್ರಿ?" ಎಂದು ಕೇಳಿದೆ.

"ತೊಳೀಲಾರ್ದ ಕೊಡಾಕ ಬರ್ತೈತೇನ? ಯಾರ್‍ಯಾರ ಮುಟ್ಟಿದ್ರೊ ಏನೊ. ಛಂದಂಗೆ ತೊಳದು ಸೆರಗಿಲೆ ಒಳಗೆಲ್ಲಾ ಒರಸೇನಿ. ಮಂದಿಗೆ ಕಳಸೂ ಡಬ್ಬಿ ಹೊಲಸ ಇರಬಾರದವಾ, ಮನಿ ಮರ್ಯಾದಿ ಹೋಗ್ತೈತಿ."

ನಗು ಬಂತು, ಸಿಟ್ಟೂ ಬಂತು. ಜಗತ್ತಿನ ಯಾವ ಪಾತ್ರೆಗಿಂತಲೂ ಸ್ವಚ್ಛವಾಗಿದ್ದ ಒಂದು ಬಾಟಲಿಯನ್ನು ಅವರು ಸೆರಗಿನಿಂದ ಒರೆಸಿದ್ದರು. ಸೆರಗಿನಲ್ಲಿದ್ದದ್ದೆಲ್ಲ ಕೊಲ್ಹಾಪುರಕ್ಕೆ ಹೋಗಿ ಸಂಭ್ರಮದಿಂದ ಬೆಳೆದಿತ್ತು.

ಭಾವನಿಗೆ ಅಷ್ಟೇ ಸಾಕಾಯಿತು. ಫೋನಿನಲ್ಲಿ ಹೇಳಿದರು, "ನೋಡಿದೇನ ತಂಗಿ, ಲ್ಯಾಬಿನವರಿಗೇ ತಿಳೀವಲ್ದು. ಏನೇನೊ ಬೆಳದಾವಂತ. ವಯಸ್ಸಾದ ಮೈ ಅದು, ಬೆಳೀತಾವ. ನೀ ಕಾನ್ವೆಂಟಿನ್ಯಾಗ ಕಲತದ್ದು ಅವ್ವನ ಮ್ಯಾಲ ತೋರಸಬ್ಯಾಡ."

ಮತ್ತೆ ಅದೇ ಇಂಜೆಕ್ಷನ್. ಮತ್ತೆ ಇಳಿದಂತೆ ಮಾಡಿ ಏರಿದ ಜ್ವರ. ಈ ನಡುವೆ ಭಾವ ಒಮ್ಮೆ ಬಂದು ತಾಯಿಯ ಕಾಲ ಬಳಿ ಕೂತಿದ್ದಾಗ ಅತ್ತೆ ಕಣ್ಣು ಮುಚ್ಚಿಯೇ "ಸಾಕಪ್ಪ" ಎಂದರು. ಆ ಒಂದು ಮಾತನ್ನು ಹಿಡಿದುಕೊಂಡು ಭಾವ ಇಚಲಕರಂಜಿಗೆ ಹೋಗಿ, ಸಂಬಂಧಿಕರಿಗೆಲ್ಲ ತಿಳಿಸಿ, ಮುನಿಗಳ ಬಳಿ ಹೋಗುವ ದಿನವನ್ನೂ ಗೊತ್ತು ಮಾಡಿದರು. ಅವರು ಕೆಟ್ಟವರಲ್ಲ. ತಾಯಿಯ ನರಳಿಕೆಯನ್ನು ಕೇಳಲಾರದೆ ಅಂಗಳಕ್ಕೆ ಹೋಗಿ ನಿಂತು, ಸುಮ್ಮನೆ ಕಾರಿನ ಗಾಜು ಒರೆಸುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಆದರೆ ನೋಡಲಾಗುವುದಿಲ್ಲ ಎಂಬುದು ನೋಡುವವರ ಸಂಕಟ. ಮಲಗಿದವರ ಸಂಕಟ ಬೇರೆ. ಎರಡನ್ನೂ ಒಂದೇ ಎಂದು ಅವರು ತಿಳಿದಿದ್ದರು, ನಾನು ಒಪ್ಪಲಿಲ್ಲ.

ಜ್ವರ ಮತ್ತೆ ಏರಿದ ದಿನ ಡಾಕ್ಟರಿಗೆ ಹೇಳಿದೆ, "ಮಾದರಿ ತಗೊಳ್ಳೂತನಾ ಈ ಸಲ ಇಂಜೆಕ್ಷನ್ ಬ್ಯಾಡ್ರಿ. ಔಷಧ ಒಳಗ ಹೋದ ಮ್ಯಾಲ ಬೆಳಸಾಕ ಹೋದ್ರ ಏನೂ ಬೆಳೆಯೂದಿಲ್ಲಂತಲ್ರಿ."

"ಖರೇ ಐತ್ರಿ. ಆದ್ರ ನಿಮ್ಮ ಭಾವಾರ ಫೋನ್ ಬಂದೈತಿ, ತಡಾ ಮಾಡಬ್ಯಾಡ್ರಿ ಅಂತ."

ಭಾವನಿಗೆ ನಾನೇ ಫೋನ್ ಮಾಡಿದೆ. ಹಿಂದೆ ಮಗ್ಗಗಳ ಖಟಖಟ ಕೇಳುತ್ತಿತ್ತು. ಅವರ ಕಾರಖಾನೆಯಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಾರೆ. ಅವರು ಕೂಗಿದರು, "ಅವ್ವಗ ಏನರ ಹೆಚ್ಚುಕಡಿಮಿ ಆದ್ರ ನಿನ್ನ ತಲಿ ಮ್ಯಾಲ ಬರ್ತೈತಿ ನೋಡ."

ಶಾಲೆಯಲ್ಲಿ ನಮಗೊಬ್ಬ ಸಿಸ್ಟರ್ ಇದ್ದರು. ದನಿ ಏರಿಸಬೇಡಿ, ಆದರೆ ಶುರು ಮಾಡಿದ ವಾಕ್ಯವನ್ನು ಮುಗಿಸದೆ ಕೂಡಬೇಡಿ ಎನ್ನುತ್ತಿದ್ದರು. ಈ ಮನೆಗೆ ಬಂದ ಮೇಲೆ ಆ ಪಾಠದ ಮೊದಲರ್ಧವನ್ನಷ್ಟೇ ನಾನು ಪಾಲಿಸಿಕೊಂಡು ಬಂದಿದ್ದೆ. ಅಂದು ಇನ್ನರ್ಧ ನೆನಪಾಯಿತು.

"ಬರಲಿ ಬಿಡ್ರಿ ಭಾವಾರ," ಎಂದೆ. "ನನ್ನ ತಲಿ ಮ್ಯಾಲನ ಬರಲಿ. ಮಾದರಿ ಹೋಗೂತನಾ ಇಂಜೆಕ್ಷನ್ ಕೊಡಸೂದಿಲ್ಲ."

ಈ ಸಲ ಪಟ್ಟಿ ಒಡೆದದ್ದು ನಾನು, ಮುಚ್ಚಳ ಹಿಡಿದದ್ದು ನಾನು. ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿಯಬೇಕು. ಅತ್ತೆ ಅಷ್ಟು ಜ್ವರದಲ್ಲೂ, "ತೊಳದೇನ?" ಎಂದು ಕೇಳಿದರು. "ತೊಳದೇ ಬಂದೈತ್ರಿ ಅವ್ವಾ," ಎಂದೆ. ಬಾಟಲಿಯನ್ನು ಐಸಿನ ತುಂಡುಗಳ ನಡುವೆ ಹುದುಗಿಸಿ, ಮಕ್ಕಳ ಹಳೆಯ ಊಟದ ಚೀಲದಲ್ಲಿಟ್ಟು, ಮಡಿಲಲ್ಲೇ ಹಿಡಿದುಕೊಂಡು ಕೊಲ್ಹಾಪುರಕ್ಕೆ ಹೋದೆ. ಪಕ್ಕದಲ್ಲಿ ಕೂತವಳು ಊಟವೆಂದೇ ತಿಳಿದು, "ಏನ್ ಕಟಗೊಂಡ ಹೊಂಟೀರಿ?" ಎಂದು ಕೇಳಿದಳು. ಔಷಧ ಎಂದೆ. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ.

ಹಿಂದಿನ ಸಲ ಬಾಟಲಿ ತೊಳೆದಿದ್ದ ಸಂಗತಿಯನ್ನೂ ಲ್ಯಾಬಿನವರಿಗೆ ಹೇಳಿ ಬಂದೆ. ಮಾದರಿ ಮುಟ್ಟಿದ ಮೇಲೆ ನಮ್ಮ ಡಾಕ್ಟರು ಇಂಜೆಕ್ಷನ್ ಶುರು ಮಾಡಿದರು. ಲ್ಯಾಬಿನವರು ಬೆಳೆಯಲು ಒಂದು ದಿನ, ಅದಕ್ಕೆ ಯಾವ ಔಷಧ ತಾಗುತ್ತದೆ ಎಂದು ನೋಡಲು ಇನ್ನೊಂದು ದಿನ ಬೇಕೆಂದಿದ್ದರು. ಹಾಗೆ ಕಾಯುತ್ತ ಕಾಯುತ್ತ ಬಂದದ್ದು ನಾನು ಹೇಳುತ್ತಿರುವ ಈ ದಿನ. ವರದಿಯನ್ನು ಮೊಬೈಲಿಗೆ ಕಳಿಸುತ್ತೇವೆ ಎಂದಿದ್ದರು. ಆದರೆ ಹಿಂದಿನ ಸಲ ಮೊಬೈಲಿಗೆ ಬಂದ ವರದಿಯನ್ನು ಮನೆಯಲ್ಲಿ ತಮತಮಗೆ ಬೇಕಾದಂತೆ ಓದಿಕೊಂಡಿದ್ದರು. ಈ ಸಲ ಕಣ್ಣಾರೆ ನೋಡಿಯೇ ಬರುತ್ತೇನೆ ಎಂದುಕೊಂಡೆ.

ಹೊರಡುವಾಗ ನಮ್ಮವರಿಗೆ ಹೇಳಿದೆ, "ನಾ ಬರೂತನಾ ಅವ್ವನ ಗಾಡಿ ಹತ್ತಸಬ್ಯಾಡ್ರಿ."

ನಮ್ಮವರು ಬೀಜ-ಗೊಬ್ಬರದ ಅಂಗಡಿಯಲ್ಲಿ ಕೂತು ಕೂತು, ಎಲ್ಲ ಗಿರಾಕಿಗಳಿಗೂ ಹೌದ್ರಿ ಅಂದು ರೂಢಿಯಾದವರು. "ಅಣ್ಣ ಸಿಟ್ಟಿಗೇಳ್ತಾನಲ್ಲ," ಎಂದರು.

"ಏಳಲಿ. ನೀವು ಎದುರ ಮಾತಾಡಬ್ಯಾಡ್ರಿ. ಬಾಗಲ್ದಾಗ ಕುರ್ಚಿ ಹಾಕ್ಕೊಂಡ ಕುಂದರ್ರಿ, ಅಷ್ಟ ಸಾಕು."

ಲ್ಯಾಬು ಚಪ್ಪಲಿ ಅಂಗಡಿಗಳ ಸಾಲಿನ ಮೇಲ್ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತುವಾಗ ಹೊಸ ತೊಗಲಿನ ವಾಸನೆ. ಮೇಲೆ ಹೋದಂತೆ ಅದು ಹಿಂದೆ ಉಳಿದು, ಕುದಿಸಿದ ಬೇಳೆಗೂ ಹುಳಿಹಿಟ್ಟಿಗೂ ನಡುವಿನ ಒಂದು ವಾಸನೆ ಎದುರಾಗುತ್ತಿತ್ತು. ಒಳಗೆಲ್ಲೋ ದೊಡ್ಡ ಕುಕ್ಕರಿನಂಥದ್ದು ಸುಯ್ಯೆಂದು ಹಬೆ ಬಿಡುತ್ತಿತ್ತು. ಅಲ್ಲಿನ ಲೇಡಿ ಡಾಕ್ಟರು ನನಗಿಂತ ಸ್ವಲ್ಪ ಚಿಕ್ಕವರು. ತವರು ನಿಪ್ಪಾಣಿ ಕಡೆಯದಾದ್ದರಿಂದ ಕನ್ನಡ ಬರುತ್ತಿತ್ತು, ನಡುವೆ ಮರಾಠಿ ಬೆರೆಯುತ್ತಿತ್ತು.

"ಯಾ, ಬಸಾ," ಎಂದು ಕೂಡಲು ಹೇಳಿ, "ವರದಿ ಕಳಸ್ತಿದ್ನಲ್ರಿ, ಇಷ್ಟ ದೂರ ಯಾಕ ಬಂದ್ರಿ?" ಎಂದರು.

"ನೋಡಬೇಕಂತ ಬಂದೇನ್ರಿ."

ಹಾಗೆ ಕೇಳುವವರು ಕಡಿಮೆಯೇನೋ. ಅವರು ಒಂದು ಕ್ಷಣ ನನ್ನ ಮುಖ ನೋಡಿ, ಒಳಗಿನಿಂದ ಒಂದು ಮುಚ್ಚಳದ ಗುಂಡು ತಟ್ಟೆ ತಂದು ಬೆಳಕಿಗೆ ಹಿಡಿದರು. ಅಂಗೈಯಷ್ಟೇ ಅಗಲ. ಅದರೊಳಗೆ ತಣ್ಣಗಾದ ಗಿಣ್ಣಿನಂತೆ ಗಟ್ಟಿಯಾದ, ನಸುಬಿಳಿಯ ಒಂದು ಪದರು. ಪದರಿನ ಮೇಲೆ ಗೀರು ಎಳೆದ ದಾರಿಯುದ್ದಕ್ಕೂ ಸಾಸಿವೆಗಿಂತ ಚಿಕ್ಕ ನೀಲಿ ಚುಕ್ಕೆಗಳು. ಬರೀ ನೀಲಿಯಲ್ಲ, ನವಿಲಿನ ಕತ್ತಿನ ಕಡೆಗೆ ವಾಲುವ ನೀಲಿ. ಅಷ್ಟು ದಿನ ನಮ್ಮ ಮನೆಯ ನಿದ್ದೆ ಕೆಡಿಸಿದ್ದು ಇಷ್ಟು ಅಂದವಾಗಿರುತ್ತದೆಂದು ನಾನು ಎಣಿಸಿರಲಿಲ್ಲ.

"ಹೇ ಬಘಾ," ಎಂದು ಅವರು ತೋರಿಸಿದರು. "ಈ ಗಟ್ಟೀಗೆ ಅಗಾರ್ ಅಂತೇವಿ, ಇದರಾಗ ಬಣ್ಣಾ ಬಿಡೂ ಪದಾರ್ಥ ಹಾಕಿರ್ತೇವ್ರಿ. ಒಂದೊಂದ ಕ್ರಿಮಿ ಒಂದೊಂದ ಥರಾ ತಿಂದು ಒಂದೊಂದ ಬಣ್ಣಾ ಬಿಡ್ತಾವ. ಮೂತ್ರದ ಸೋಂಕಿನ್ಯಾಗ ದಿನಾ ಕಾಣೂದು ಇದರ ಮ್ಯಾಲ ಗುಲಾಬಿ ಆಗ್ತೈತಿ. ನಿಮ್ಮ ಅತ್ಯಾರದು ನೀಲಿ ಆಗೈತಿ. ಮತ್ತ ಎಲ್ಲಾ ಒಂದ ಥರದ್ದು, ಕಲಬೆರಕಿ ಇಲ್ಲ. ಈ ಸಲ ಬಾಟ್ಲಿ ತೊಳದಿಲ್ಲ ಅಂತಾತು."

ಆಮೇಲೆ ಒಂದು ಗಾಜಿನ ನಳಿಕೆ ತಂದರು. ಅದರೊಳಗಿನ ಓರೆಯಾದ ಪದರು ಕಾಡಿಗೆಯಂತೆ ಕಪ್ಪಾಗಿತ್ತು.

"ಇದರಾಗ ಪಿತ್ತಾ ಹಾಕಿರ್ತೇವಿ. ಇದರ ಬಳಗದವು ಭಾಳಷ್ಟು ಪಿತ್ತಾ ಇದ್ದಲ್ಲಿ ಬೆಳೆಯೂದಿಲ್ಲ. ಇದು ಬೆಳೀತೈತಿ, ಬೆಳದು ಹಿಂಗ ಕರ್‍ರಗ ಮಾಡ್ತೈತಿ. ನೀಲಿ ನೋಡಿ ಸಂಶೇ ಬಂದಿತ್ತು, ಇದನ್ನ ನೋಡಿ ಖಾತ್ರಿ ಆತು." ಕ್ರಿಮಿಯ ಹೆಸರನ್ನು ಎರಡು ಸಲ ಹೇಳಿದರು. ನಾನೂ ಬಾಯಲ್ಲಿ ಹೇಳಿಕೊಂಡೆ, ಎಂಟರೊಕಾಕಸ್.

ನಾವು ಬೇರುಗಡ್ಡೆ ತಿನ್ನುವುದಿಲ್ಲ, ಉಳ್ಳಾಗಡ್ಡಿ ಬೆಳ್ಳುಳ್ಳಿ ಮುಟ್ಟುವುದಿಲ್ಲ, ಹೊ‍ತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಏನನ್ನು ತಿನ್ನುತ್ತೀರಿ, ಏನನ್ನು ಬಿಡುತ್ತೀರಿ ಎಂಬುದರಿಂದಲೇ ಊರು ನಮ್ಮನ್ನು ಗುರುತಿಸುತ್ತದೆ. ಈ ಕ್ರಿಮಿಗಳನ್ನೂ ಅವರು ಹಾಗೆಯೇ ಗುರುತಿಸುತ್ತಿದ್ದರು. ಎಲೆ ಹಾಕಿ ಬಡಿಸಿ, ಯಾರು ಏನು ಉಣ್ಣುತ್ತಾರೆ ಎಂದು ಬದಿಗೆ ನಿಂತು ನೋಡುವುದು. ನನಗೆ ಅದರಲ್ಲಿ ಅರ್ಥವಾಗದ್ದು ಏನೂ ಇರಲಿಲ್ಲ.

"ಇಷ್ಟ ದಿನಾ ಕೊಟ್ಟ ಇಂಜೆಕ್ಷನ್?" ಎಂದೆ.

"ಅದು ಒಳ್ಳೇ ಔಷಧಾನರಿ. ಆದ್ರ ಈ ಕ್ರಿಮಿಗೆ ಹುಟ್ಟಿನಿಂದನ ತಾಗೂದಿಲ್ಲ." ಇನ್ನೊಂದು ತಟ್ಟೆ ತೋರಿಸಿದರು. ಅದರ ಮೇಲೆ ಔಷಧದಲ್ಲಿ ನೆನೆಸಿದ ಕಾಗದದ ಬಿಲ್ಲೆಗಳು. ಒಂದು ಬಿಲ್ಲೆಯ ಸುತ್ತ ಕ್ರಿಮಿ ಹತ್ತಿರ ಸುಳಿಯದೆ ದುಂಡಗೆ ಬಯಲು ಬಿದ್ದಿತ್ತು, ಸಾರಿಸಿದ ಅಂಗಳದ ಹಾಗೆ. "ಇದು ತಾಗ್ತೈತಿ. ಹಳೇ ಔಷಧ, ಎಲ್ಲಾ ಕಡೆ ಸಿಗ್ತೈತಿ. ನಿಮ್ಮ ಡಾಕ್ಟರಿಗೆ ಈಗ ಫೋನ್ ಮಾಡ್ತೇನಿ."

"ಗುಣಾ ಆಗ್ತಾರೇನ್ರಿ?"

"ಆಗಬೇಕ್ರಿ. ವಯಸ್ಸಾಗೈತಿ, ನಾಕ ದಿನಾ ಕಣ್ಣಿಡಬೇಕು. ಆದ್ರ ಇದು ಮದ್ದಿಲ್ಲದ ಬ್ಯಾನಿ ಅಲ್ಲ."

ನನಗೆ ಬೇಕಾಗಿದ್ದ ವಾಕ್ಯ ಅದೇ. ಕಣ್ಣು ತುಂಬಿದವು, ಚೀಲದಲ್ಲಿ ಏನೋ ಹುಡುಕುವವಳಂತೆ ಬಗ್ಗಿದೆ. ತಟ್ಟೆಯ ಮತ್ತು ನಳಿಕೆಯ ಫೋಟೊ ತೆಗೆದುಕೊಳ್ಳಲೇ ಎಂದು ಕೇಳಿದಾಗ ಒಪ್ಪಿದರು. ಕೊನೆಗೆ ಕೇಳಬೇಕೋ ಬೇಡವೋ ಎಂದುಕೊಂಡೇ ಕೇಳಿದೆ, "ಆ ಪಿತ್ತಾ ಯಾವುದರದ್ರಿ?"

ಅವರಿಗೆ ನಾವು ಯಾರೆಂದು ಗೊತ್ತಿತ್ತು. ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಹೇಳಿದರು, "ದನದ್ದ್ರಿ. ತಯಾರ ಪುಡಿ ಬರ್ತೈತಿ." ಆಮೇಲೆ ಮೆಲ್ಲಗೆ, "ಮನ್ಯಾಗ ಹೇಳಲೇಬೇಕಂತೇನಿಲ್ರಿ."

ಬಸ್ಸಿನಲ್ಲಿ ಕಾಗಲ, ನಿಪ್ಪಾಣಿ, ಸಂಕೇಶ್ವರ ದಾಟುವವರೆಗೂ ಅದನ್ನೇ ಯೋಚಿಸಿದೆ. ಅಂಗಡಿಗಳ ಬೋರ್ಡು ಮರಾಠಿಯಿಂದ ಕನ್ನಡಕ್ಕೆ ಬಂದು, ಮತ್ತೆ ಮರಾಠಿಗೆ ಹೋದವು. ಹೇಳದಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಬಟ್ಟೆಯಲ್ಲಿ ಉಳಿದದ್ದನ್ನೂ ಬಾವಿಗೆ ಜೋಪಾನವಾಗಿ ಬಿಡುವ ಹೆಂಗಸಿನ ಹೆಸರಿನಲ್ಲಿ, ದನದ ಪಿತ್ತದ ಮೇಲೆ ಒಂದು ಜೀವಿಯನ್ನು ಬೆಳೆಸಿದ್ದರು. ನಾಳೆ ಅದನ್ನು ಹಬೆಯಲ್ಲಿ ಬೇಯಿಸಿ ಮುಗಿಸುವವರಿದ್ದರು. ಆದರೆ ತಾಯಿಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲದಂತೆಯೇ ಇಟ್ಟು ಅವಳ ಪರವಾಗಿ ತೀರ್ಮಾನಿಸುವುದು ಭಾವ ಮಾಡುತ್ತಿದ್ದ ಕೆಲಸ. ಅದನ್ನೇ ನಾನೂ ಮಾಡಿದರೆ, ಇಷ್ಟು ದಿನ ಯಾವ ಮಾತಿಗೆ ಸೆಟೆದು ನಿಂತಿದ್ದೆನೋ ಅದು ಉಳಿಯುವುದಿಲ್ಲ.

ಸಂಕೇಶ್ವರದಲ್ಲಿ ಭಾವನ ಫೋನ್ ಬಂತು. "ಎಲ್ಲಿದ್ದಿ ತಂಗಿ? ನಿನ್ನ ಗಂಡ ಬಾಗಲ್ದಾಗ ಕುಂತ ಏಳವಲ್ಲ. ಕೇಳಿದ್ರ ಪೇಪರ್ ಓದಾಕತ್ತೇನಿ ಅಂತಾನ. ಮೊನ್ನಿ ಪೇಪರ್ ಅದು."

"ಬರಾಕತ್ತೇನ್ರಿ," ಎಂದೆ. ಆ ದಿನ ಮೊದಲ ಬಾರಿಗೆ ನನಗೆ ನಗು ಬಂತು.

ದವಾಖಾನೆಯಲ್ಲಿ ನಮ್ಮ ಡಾಕ್ಟರು ಚೀಟಿ ಬರೆದು ಸಿದ್ಧವಾಗಿಟ್ಟಿದ್ದರು. ಕ್ಯಾಪ್ಸೂಲ್ ಬೇಡ, ಪ್ರಾಣಿಯಿಂದ ಬರುವ ಅದರ ಕವಚ ನಮಗೆ ನಡೆಯುವುದಿಲ್ಲ ಎಂದು ಹೇಳುವ ಮೊದಲೇ, "ನೀರಾಗ ಕರಗೂ ಗುಳಿಗಿ ಬರದೇನ್ರಿ, ಎಲ್ಲಾ ಹೊತ್ತು ಮುಳಗೂದ್ರೊಳಗ ಆಗೂವಂಗ," ಎಂದರು. ಮೋಡದಿಂದಾಗಿ ಸೂರ್ಯ ಎಲ್ಲಿದ್ದಾನೆಂದು ತಿಳಿಯುತ್ತಿರಲಿಲ್ಲ. ನಾನು ಓಡಲಿಲ್ಲ, ಆದರೆ ಆ ದಾರಿಯಲ್ಲಿ ಎಂದೂ ಅಷ್ಟು ಬಿರುಸಾಗಿ ನಡೆದಿರಲಿಲ್ಲ.

ಕಾರಿನ ಹಿಂದಿನ ಸೀಟು ಮಡಚಿ ಗಾದಿ ಹಾಸಿದ್ದರು. ನಮ್ಮವರು ಹೊಸ್ತಿಲಿಗೆ ಅಡ್ಡವಾಗಿ ಕುರ್ಚಿಯಲ್ಲಿದ್ದರು. ನನ್ನನ್ನು ಕಂಡು ಎದ್ದು ದಾರಿ ಬಿಟ್ಟರು, ನಾನು ಒಳಗೆ ಹೋದ ಮೇಲೆ ಮತ್ತೆ ಕೂತರು.

"ಹೊತ್ತ ಮುಳಗಾಕ ಬಂತು," ಎಂದರು ಭಾವ. "ಗುರುಗಳು ಸಾಮಾಯಿಕದ ಧ್ಯಾನಕ್ಕ ಕುಂತ್ರ ಮತ್ತ ಮಾತಾಡೂದಿಲ್ಲ. ನಡಿ, ಅವ್ವನ ಎಬ್ಬಸೂಣು."

"ಬ್ಯಾನಿ ಹೆಸರ ತಂದೇನ್ರಿ."

"ಹೆಸರ ತಗೊಂಡ ಏನ್ ಮಾಡ್ತಿ? ಅಕಿ ನರಳೂದು ನಿಲ್ತೈತೇನ?"

"ನಿಲ್ತೈತಿ ಅಂದಾರ್ರಿ. ಮದ್ದ ಐತಿ."

"ಪ್ರತಿ ಸಲಾನೂ ಮದ್ದ ಐತಿ ಅಂದ್ರು. ನಾ ಮಗಾ ಅದೇನಿ. ಅವ್ವನ ಮ್ಯಾಲ ನನಗಿಂತ ನಿನಗ ಹೆಚ್ಚ ಜೀವೇನ?"

"ಹೆಚ್ಚ ಅಂತ ಯಾರ ಅಂದ್ರ್ರಿ? ಕಡಿಮಿನೂ ಅಲ್ಲ. ಆದ್ರ ಹೋಗಬೇಕೊ ಇರಬೇಕೊ ನೀವು ಹೇಳೂದಲ್ಲ, ನಾ ಹೇಳೂದಲ್ಲ. ಅವರನ್ನ ಕೇಳೂಣು. ಕೇಳೂಕಿಂತ ಮೊದಲ ನಮಗ ಗೊತ್ತಿದ್ದದ್ದೆಲ್ಲಾ ಅವರಿಗೆ ಹೇಳೂಣು."

ನನ್ನ ದನಿ ಏರಿರಲಿಲ್ಲ. ವಾಕ್ಯ ಮಾತ್ರ ಪೂರ್ತಿಯಾಗಿತ್ತು. ಭಾವ ಏನೋ ಹೇಳಲು ಬಾಯಿ ತೆರೆದಾಗ ಮಂಚದಿಂದ ಮಾತು ಬಂತು, "ಯಾರ ಸಲವಾಗಿ ಜಗಳಾ? ನಾ ಇನ್ನೂ ಇಲ್ಲೇ ಅದೇನಿ."

ಮಧ್ಯಾಹ್ನ ಬೆವರಿ ಜ್ವರ ಸ್ವಲ್ಪ ಇಳಿದಿತ್ತು, ಕಣ್ಣು ತಿಳಿಯಾಗಿದ್ದವು. ನಾನು ಪಕ್ಕದಲ್ಲಿ ಕೂತು ಮೊಬೈಲಿನ ಫೋಟೊ ಹಿಗ್ಗಿಸಿ ತೋರಿಸಿದೆ. "ಅವ್ವಾ, ಇದ ನೋಡ್ರಿ ನಿಮ್ಮೊಳಗ ಇದ್ದದ್ದು."

ಬಹಳ ಹೊತ್ತು ನೋಡಿದರು. "ಸಣ್ಣ ಜೀವಾ," ಎಂದರು. "ಏನ್ ತಿನಿಸಿ ಬೆಳಸ್ಯಾರ?"

ಅವರು ಅದನ್ನೇ ಕೇಳುತ್ತಾರೆಂದು ನನಗೆ ಗೊತ್ತಿತ್ತು. ಮೊದಲ ತಟ್ಟೆಯದು ಸಮುದ್ರದ ಪಾಚಿಯಿಂದ ಮಾಡಿದ ಗಟ್ಟಿ, ಅದರೊಳಗೆ ಬೇರೆ ಸತ್ವಗಳಿರುತ್ತವೆ ಎಂದೆ. ಆಮೇಲೆ ಕಪ್ಪು ನಳಿಕೆಯ ಫೋಟೊ ತೋರಿಸಿ ಹೇಳಿದೆ, "ಇದರಾಗ ದನದ ಪಿತ್ತಾ ಹಾಕಿದ್ರ್ರಿ."

"ನೋಡವಾ," ಎಂದರು ಭಾವ. "ಇಡೀ ಜನ್ಮ ಸೋಸಿ ಸೋಸಿ ಕುಡದಿ. ಕೊನೀಗೆ ನಿನ್ನ ಹೆಸರ್ಲೆ ಇಂಥಾದ್ದು ಮಾಡ್ಸಿ ಬಂದಾಳ."

 ಹೊರಗೆ ಕುರ್ಚಿ ಕಿರ್ರೆಂದಿತು.

"ಆ ದನಾ ನನ್ನ ಸಲವಾಗಿ ಕೊಂದಾರೇನ?" ಎಂದು ಅತ್ತೆ ಕೇಳಿದರು.

"ಇಲ್ರಿ. ಮೊದಲ ಪುಡಿ ಮಾಡಿ ಇಟ್ಟಿರ್ತಾರ, ಎಲ್ಲಾರ ಸಲವಾಗಿ."

"ಎಲ್ಲಾರಾಗ ನಾನೂ ಬಂದ್ನೆಲ್ಲ. ಪಾಪಾ ಇಲ್ಲ ಅನ್ನಬ್ಯಾಡ, ಐತಿ." ಉಸಿರು ಸುಧಾರಿಸಿಕೊಂಡರು. "ನೀ ಹೇಳಲಾರ್ದ ಇರಬೌದಿತ್ತು. ಯಾಕ ಹೇಳಿದಿ?"

"ನಿಮಗ ಗೊತ್ತಿರಬೇಕಂತ್ರಿ."

"ಮದ್ದ ಐತೇನ ಖರೇನ?"

"ಐತ್ರಿ. ಇದು ತಾಗಲಿಲ್ಲ, ಇನ್ನ ಮದ್ದಿಲ್ಲ ಅಂತ ಡಾಕ್ಟರ್ ಅಂದ್ರ, ಆವತ್ತ ನಾನ ನಿಮ್ಮ ಕೈ ಹಿಡದ ಗುರುಗಳ ಕಡೆ ಕರಕೊಂಡ ಹೋಗ್ತೇನ್ರಿ. ಇವತ್ತ ಬಿಡೂದಿಲ್ಲ."

ಬಿಡುವುದಿಲ್ಲ ಎಂಬ ಮಾತನ್ನು ಈ ಮನೆಯಲ್ಲಿ ನಾನು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ವ್ರತಕ್ಕೆ ಅಡ್ಡ ಬಂದವಳು ಎಂದು ಸಂಬಂಧಿಕರಲ್ಲಿ ಕೆಲವರು ಇಂದಿಗೂ ನನ್ನನ್ನು ಅನ್ನುತ್ತಾರೆ. ಅನ್ನಲಿ. ಬಂದದ್ದು ಹೌದು. ಅಂಥದೇ ದಿನ ಮತ್ತೆ ಬಂದರೆ ಮತ್ತೆ ಬರುತ್ತೇನೆ.

ಅತ್ತೆ ಮಗನ ಕಡೆಗೆ ಮುಖ ತಿರುಗಿಸಿದರು. "ಮದ್ದ ಐತಂತ ಗೊತ್ತಾದ ಮ್ಯಾಲ ಅನ್ನಾ ಬಿಟ್ರ ಅದು ವ್ರತಾ ಆಗೂದಿಲ್ಲೊ ಮಗನ, ಸಿಟ್ಟ ಆಗ್ತೈತಿ. ನನಗ ಯಾರ ಮ್ಯಾಲ ಸಿಟ್ಟ ಐತಿ ಹೇಳ? ಗುರುಗಳಿಗೆ ಹೇಳ, ಅರಾಮ ಆದ ಮ್ಯಾಲ ಬರ್ತಾಳ, ಪಿತ್ತದ್ದೊಂದ ಪ್ರಾಯಶ್ಚಿತ್ತಾ ಕೇಳೂದೈತಂತ ಅಂತ."

ಭಾವ ತಾಯಿಯ ಪಾದದ ಮೇಲೆ ಜಾರಿದ್ದ ದುಪ್ಪಟಿಯನ್ನು ಎಳೆದು ಸರಿಮಾಡಿದರು. ನಾನು ಸೋಸಿ ಕಾಯಿಸಿದ ನೀರಿನಲ್ಲಿ ಗುಳಿಗೆ ಹಾಕಿದೆ. ಅದು ಸುರ್‍ರೆಂದು ನೊರೆಯಾಗಿ ಕರಗುವುದನ್ನು ನಾವೆಲ್ಲ ನೋಡುತ್ತ ನಿಂತೆವು. ನಮ್ಮವರು ಹೊಸ್ತಿಲಿನಿಂದ ಗಡಿಯಾರ ನೋಡಿ, "ಇನ್ನೂ ಹೊತ್ತೈತಿ," ಎಂದರು. ಅತ್ತೆ ಕುಡಿದರು, ಮುಖ ಕಿವುಚಿದರು, ಗಂಜಿ ಕೇಳಿದರು. ಅರ್ಧ ಬಟ್ಟಲು ಒಳಗೆ ಹೋಗುವಷ್ಟರಲ್ಲಿ ಹೊತ್ತು ಮುಳುಗಿತು. ಉಳಿದದ್ದನ್ನು ಅವರೇ ದೂರ ಸರಿಸಿದರು. ಗುರುಗಳಿಗೆ ತಿಳಿಸಬೇಕು ಎಂದಷ್ಟೇ ಹೇಳಿ ಭಾವ ಕಾರು ಹತ್ತಿದರು. ಹೋಗುವಾಗ ನನ್ನ ಮುಖ ನೋಡಲಿಲ್ಲ. ಆದರೆ ಗುಳಿಗೆಯ ಚೀಟಿಯನ್ನು ಕೈಯಲ್ಲಿ ಹಿಡಿದು ಎರಡು ಸಲ ಓದಿದ್ದನ್ನು ನಾನು ನೋಡಿದ್ದೆ.

ಹನಿ ಶುರುವಾಗಿತ್ತು. ಬಟ್ಟೆ ತೆಗೆಯಲು ಹಿತ್ತಲಿಗೆ ಹೋದಾಗ, ಪಕ್ಕದ ಮನೆಯವಳೂ ಗೋಡೆಯಾಚೆ ತನ್ನ ಹಗ್ಗದಿಂದ ಸೀರೆ ಎಳೆದುಕೊಳ್ಳುತ್ತಿದ್ದಳು. ಅವರು ಲಿಂಗಾಯತರು, ಅವರ ಮನೆಯಲ್ಲಿ ಆಗ ಒಗ್ಗರಣೆಯ ಹೊತ್ತು. ಸೀರೆಯನ್ನು ತೋಳಿನ ಮೇಲೆ ಹಾಕಿಕೊಳ್ಳುತ್ತ ಅವಳು ಅಂದಳು:

"ನಿಮ್ಮ ಭಾವಾರ ಗಾಡಿ ಈಗ ಹೋತಲ್ರಿ ವೈನಿ. ಮಾರಿ ನೋಡಿದ್ರ ಹಸದಾಂಗ ಕಾಣಸ್ತು. ಹೊತ್ತ ಮುಳಗೂದ್ರೊಳಗ ಅವರಿಗೂ ಏನರ ಒಂದಿಷ್ಟ ಉಣ್ಣಾಕ ಕೊಡಬೇಕಿತ್ತಿಲ್ರಿ."

ಬೆಳಿಗ್ಗೆ ಮುಚ್ಚಿಟ್ಟ ಭಕ್ಕರಿಯ ಬುಟ್ಟಿ ನನಗೆ ಆಗ ನೆನಪಾಯಿತು.